ಬಾಸ್ ಎದುರು ಬರೀ ಲೆವೆಲ್ ಏರಿಸಿ ಏನು ಪ್ರಯೋಜನ ಮಾರಾಯ್ರೇ

ಶಿರಸಿ ಕಡೆ ಪೋಕೆಮಾನ್ ಆಡುವ ಹುಡುಗರು ಈಗ ಸುಮಾರು ಜನ ಇದ್ದಾರೆ. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಕಾದಾಡಿಸುವ ವಿಡಿಯೋ ಗೇಮ್ ಅದು, ಆ ಪ್ರಾಣಿಗಳಿಗೂ ಅದೇ ಹೆಸರು. ದಾರಿಗೆ ಅಡ್ಡ ನಿಲ್ಲುವ ದೊಡ್ಡ ಎದುರಾಳಿಯೇ ಬಾಸ್. ಬಾಸ್ ಗೆಲ್ಲೋಕೆ ಏನು ಮಾಡಬೇಕು ಅಂತ ಯಾರನ್ನೇ ಕೇಳಿ, ಒಂದೇ ಉತ್ತರ. ಲೆವೆಲ್ ಏರಿಸಬೇಕು. ಹುಲ್ಲಿನೊಳಗೆ ಗಂಟೆಗಟ್ಟಲೆ ಓಡಾಡೋದು, ಸಿಕ್ಕಿದ್ದನ್ನೆಲ್ಲ ಹೊಡೆಯೋದು, ತನ್ನ ಮೆಚ್ಚಿನ ಒಂದೇ ಪೋಕೆಮಾನನ್ನು ದಪ್ಪ ಮಾಡ್ಕೊಂಡು ಹೋಗೋದು. ಹಳೇ ಆಟಗಳನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಆಡಿಸುವ ಎಮ್ಯುಲೇಟರಿನಲ್ಲಿ ಆಟದ ವೇಗ ಹೆಚ್ಚಿಸುವ ಬಟನ್ ಬೇರೆ ಇದೆ. ಅದನ್ನು ಒತ್ತಿ ಹಿಡಿದು ಟಿವಿ ನೋಡ್ತಾ ಕೂರುವವರೂ ಇದ್ದಾರೆ. ಇದಕ್ಕೆ ತಯಾರಿ ಅಂತ ಹೆಸರು!

ನನ್ನ ಅಕ್ಕನ ಮಗ ಈ ಬೇಸಿಗೆ ರಜೆಯಲ್ಲಿ ಹಳೇ ಪೋಕೆಮಾನ್ ಗೋಲ್ಡ್ ಆಟ ಹಿಡಿದಿದ್ದ. ಜಪಾನಿನಲ್ಲಿ 1999ರಲ್ಲಿ ಬಂದ ಆಟ, ಅವನಿಗಿಂತ ವಯಸ್ಸಲ್ಲಿ ದೊಡ್ಡದು. ಊರೂರಲ್ಲಿ ಜಿಮ್ ಅಂತ ಕಾಳಗದ ಮನೆ ಇರುತ್ತದೆ, ಮೂರನೇ ಜಿಮ್ಮಿನ ಒಡತಿ ವಿಟ್ನಿ ಹತ್ರ ಸಿಕ್ಕಿಬಿದ್ದ. "ಮಾವಾ, ಈ ದನ ಬಿಡ್ತೇ ಇಲ್ಲೆ!" ಅಂತ ಅವನು ಕೂಗಿದ್ದಕ್ಕೆ ಅಡುಗೆಮನೆಯಲ್ಲಿದ್ದ ಅಕ್ಕ, ಯಾರದೋ ದನ ತೋಟಕ್ಕೆ ನುಗ್ಗಿತು ಅಂತ ಕೋಲು ಹಿಡಿದು ಓಡಿ ಬಂದಳು.

ಆ ದನದ ಹೆಸರು ಮಿಲ್ಟ್ಯಾಂಕ್. ಗುಲಾಬಿ ಬಣ್ಣ, ನೋಡೋಕೆ ಪಾಪದ್ದು. ಲೆವೆಲ್ ಬರೀ 20. ಆದರೆ ಅದರ ರೋಲ್‌ಔಟ್ ಎಂಬ ಹೊಡೆತ ನೋಡಿ. ಮೊದಲ ಸಲ ಬಲ 30. ತಪ್ಪದೆ ತಾಗುತ್ತಾ ಹೋದರೆ ಪ್ರತಿ ಸಲ ಇಮ್ಮಡಿ. 60, 120, 240, ಐದನೇ ಸಲಕ್ಕೆ 480. ಜೀವ ಕಡಿಮೆಯಾದರೆ ಮಿಲ್ಕ್ ಡ್ರಿಂಕ್ ಅಂತ ಇದೆ. ತನ್ನ ಹಾಲು ತಾನೇ ಕುಡಿದು ಅರ್ಧ ಜೀವ ತುಂಬಿಕೊಳ್ಳುತ್ತದೆ. ಎದುರಿಗಿರುವುದು ಗಂಡಾಗಿದ್ದರೆ ಅಟ್ರ್ಯಾಕ್ಟ್ ಹಾಕಿ ಮರುಳು ಮಾಡುತ್ತದೆ. ಆಮೇಲೆ ನಿಮ್ಮ ಪೋಕೆಮಾನ್ ಅರ್ಧಕ್ಕರ್ಧ ಸಲ ಸುಮ್ನೆ ನಿಂತಿರುತ್ತದೆ.

ನಮ್ಮ ಹುಡುಗನ ಹತ್ರ ಇದ್ದದ್ದು ಬೆಂಕಿಯ ಕ್ವಿಲಾವಾ ಒಂದೇ, ಆಟದ ಶುರುವಿಗೆ ಸಿಕ್ಕಿದ್ದೇ ಬೆಳೆದು ಆದದ್ದು. ರೋಲ್‌ಔಟ್ ಕಲ್ಲಿನ ಜಾತಿಯ ಹೊಡೆತ, ಬೆಂಕಿಗೆ ಎರಡು ಪಟ್ಟು ತಾಗುತ್ತದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಆಟದ ಶುರುವಿಗೆ ಕೊಡುವ ಪೋಕೆಮಾನ್ ಎಂಟರಲ್ಲಿ ಏಳು ಪಾಲು ಗಂಡೇ ಆಗಿರುತ್ತದೆ. ಅಂದರೆ ಅಟ್ರ್ಯಾಕ್ಟಿಗೂ ಬೀಳುತ್ತದೆ. ಹೀಗಿರುವಾಗ ನಾಲ್ಕೈದು ಲೆವೆಲ್ ಏರಿಸಿ ಎಷ್ಟು ಲಾಭ?

ಉತ್ತರ ಅವನು ಬಂದ ದಾರಿಯಲ್ಲೇ ಇತ್ತು. ಯೂನಿಯನ್ ಕೇವ್ ಎಂಬ ಗುಹೆ ದಾಟುವಾಗ ಹೆಜ್ಜೆಹೆಜ್ಜೆಗೂ ಅಡ್ಡ ಬರುವ ಜಿಯೋಡ್ಯೂಡ್. ಎಲ್ಲರೂ ಬೈದುಕೊಂಡು ಓಡಿಹೋಗುವ ಕಲ್ಲು ಅದು. ಕಲ್ಲು ಮತ್ತು ನೆಲ ಎರಡೂ ಜಾತಿ ಸೇರಿದ್ದರಿಂದ ರೋಲ್‌ಔಟೂ ಅರ್ಧ, ದನದ ಇನ್ನೊಂದು ಹೊಡೆತ ಸ್ಟಾಂಪೂ ಅರ್ಧ. ಹೆಣ್ಣು ಜಿಯೋಡ್ಯೂಡ್ ಹಿಡಿದರೆ ಅಟ್ರ್ಯಾಕ್ಟ್ ತಾಗುವುದೇ ಇಲ್ಲ, ಯಾಕೆಂದರೆ ಮಿಲ್ಟ್ಯಾಂಕಿನಲ್ಲಿ ಗಂಡೇ ಇಲ್ಲ. ಮೊದಲ ಜಿಮ್ ಗೆದ್ದಾಗ ಅದರ ಒಡೆಯ ಫಾಕ್ನರ್ ಕೊಡುವ ಮಡ್‌ಸ್ಲ್ಯಾಪ್ ಎಂಬ ಹೊಡೆತ ಕಲಿಸುವ ಸಾಮಾನು ಎಲ್ಲರ ಚೀಲದಲ್ಲೂ ಕೊಳೆಯುತ್ತಾ ಇರುತ್ತದೆ. ಜಿಯೋಡ್ಯೂಡಿಗೆ ಕಲಿಸಿದರೆ ಆ ಹೊಡೆತ ಎದುರಾಳಿಯ ಗುರಿ ಕೆಡಿಸುತ್ತದೆ. ರೋಲ್‌ಔಟ್ ಒಂದು ಸಲ ತಪ್ಪಿದರೆ ಸಾಕು, ಸರಪಳಿ ಕಡಿದು ಮತ್ತೆ 30ಕ್ಕೆ. ಆಟ ಮಾಡಿದವರು ಇದನ್ನೆಲ್ಲ ನಮ್ಮ ಕೈಗೆ ಮೊದಲೇ ಕೊಟ್ಟಿದ್ದಾರೆ. ನಾವು ನೋಡಲ್ಲ ಅಷ್ಟೇ.

ಹಾಂ, ದುಡ್ಡಿನ ವಿಷಯ. ಗೋಲ್ಡಿನಲ್ಲಿ ಸೋತರೆ ಕೈಲಿದ್ದ ದುಡ್ಡಿನ ಅರ್ಧ ಹೋಗುತ್ತದೆ. ಅದಕ್ಕೇ ಜಿಮ್ಮಿಗೆ ಹೋಗುವ ಮುಂಚೆ ಆಟದೊಳಗಿನ ಅಮ್ಮನ ಹತ್ರ ಒಂದಿಷ್ಟು ಇಟ್ಟಿರಬೇಕು. ಅಮ್ಮ ಆ ದುಡ್ಡಲ್ಲಿ ಒಮ್ಮೊಮ್ಮೆ ಗೊಂಬೆ ತಗೊಂಡು ಬಿಡುತ್ತಾಳೆ, ಅದು ಬೇರೆ ಮಾತು.

ನಮ್ಮೂರಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣನ ಅರ್ಥ ಹೇಳುವವರು ಎದುರಿಗೆ ಕೌರವ ಯಾರು ಅಂತ ಮೊದಲೇ ವಿಚಾರಿಸುತ್ತಾರೆ. ಅವರು ಯಾವ ಮಾತು ಹಿಡಿದು ಎಳೆಯುತ್ತಾರೆ, ಎಲ್ಲಿ ಸಿಟ್ಟಾಗುತ್ತಾರೆ ಅಂತ ಲೆಕ್ಕ ಹಾಕಿಯೇ ಬಂದು ಕೂರುತ್ತಾರೆ. ದೊಡ್ಡ ದನಿ ಇದ್ದ ಮಾತ್ರಕ್ಕೆ ಅಲ್ಲಿ ಯಾರೂ ಗೆಲ್ಲಲ್ಲ.

ಯೂಟ್ಯೂಬಿನಲ್ಲಿ 'ಈ ಆರು ಹಿಡಿದರೆ ಸಾಕು' ಅಂತ ವಿಡಿಯೋ ಸಿಗುತ್ತವೆ ನಿಜ, ಒಂದು ತಂಡದಲ್ಲಿ ಆರು ಪೋಕೆಮಾನ್ ತಾನೆ. ನನಗೆ ಅದೂ ಸೇರಲ್ಲ. ಯಾವ ಜಾತಿಗೆ ಯಾವುದು ತಾಗುತ್ತದೆ ಎಂಬ ಪಟ್ಟಿ ನೋಡಿ, ಬೇಡ ಅನ್ನಲ್ಲ. 1996ರಲ್ಲಿ 15 ಜಾತಿ ಇತ್ತು, ಈಗ 18. ಎಲ್ಲ ಯಾರಿಗೆ ಬಾಯಿಪಾಠ ಬರುತ್ತದೆ? ಆದರೆ ಆರನ್ನೂ ಬೇರೆಯವರೇ ಆರಿಸಿ ಕೊಟ್ಟರೆ ನಾವು ಆಡಿದ್ದಾದರೂ ಏನು? 2006ರ ಡೈಮಂಡ್, ಪರ್ಲ್ ಆಟಗಳ ಕೊನೆಯ ಬಾಸ್, ಚಾಂಪಿಯನ್ ಸಿಂಥಿಯಾ ಮೊದಲು ಬಿಡುವ ಪೋಕೆಮಾನ್ ಸ್ಪಿರಿಟೂಂಬಿಗೆ ಆಗ ಒಂದು ದೌರ್ಬಲ್ಯವೂ ಇರಲಿಲ್ಲ. 2013ರಲ್ಲಿ ಫೇರಿ ಜಾತಿ ಬಂದ ಮೇಲೆಯೇ ಅದಕ್ಕೊಂದು ಗತಿಯಾಯಿತು. ಅವಳ ಗಾರ್ಚಾಂಪಿಗೆ ಹಿಮದ ಹೊಡೆತ ನಾಲ್ಕು ಪಟ್ಟು ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ. ಅದು ಹೆಚ್ಚಾಗಿ ನಮಗಿಂತ ಮೊದಲು ಹೊಡೆಯುತ್ತದೆ, ಆ ಒಂದು ಏಟು ತಡೆದು ನಿಲ್ಲುವವರು ಯಾರು ಅನ್ನೋದೇ ನಿಜವಾದ ಪ್ರಶ್ನೆ.

ಫೋನ್ ಹಿಡಿದು ಊರೆಲ್ಲ ತಿರುಗಿ ಆಡುವ ಪೋಕೆಮಾನ್ ಗೋ ಆಟದವರ ಕಷ್ಟ ಇನ್ನೊಂದು ಥರ. ಅಲ್ಲಿನ ಬಾಸ್ ಅಂದರೆ ರೇಡ್, ಹಲವರು ಸೇರಿ ಒಂದು ದೊಡ್ಡ ಪೋಕೆಮಾನನ್ನು ಹೊಡೆಯುವ ಕಾಳಗ, 2017ರಲ್ಲಿ ಶುರುವಾದದ್ದು. ಐದು ಸ್ಟಾರಿನ ಕಷ್ಟದ ರೇಡ್ ಹೆಚ್ಚಾಗಿ ಒಬ್ಬರಿಂದ ಆಗುವ ಕೆಲಸ ಅಲ್ಲ. ಬೆಂಗಳೂರಲ್ಲಾದರೆ ಪಾರ್ಕಿಗೆ ಹೋದರೆ ಜನ ಸಿಗುತ್ತಾರೆ. ಇಲ್ಲಿ ಫೋನ್ ಮಾಡಿ ಕರೆಸಬೇಕು. 2020ರಲ್ಲಿ ಮನೆಯಿಂದಲೇ ಸೇರುವ ರಿಮೋಟ್ ಪಾಸ್ ಬಂದಾಗ ನಮ್ಮಂಥ ಊರಿನವರು ಉಸಿರು ಬಿಟ್ಟಿದ್ದೆವು. 2023ರಲ್ಲಿ ಅದರ ಬೆಲೆ ಏರಿಸಿ, ದಿನಕ್ಕೆ ಇಷ್ಟೇ ಅಂತ ಮಿತಿಯನ್ನೂ ಹಾಕಿದರು. ಇದು ಸರಿಯಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಜನ ಮನೆಯಿಂದ ಹೊರಗೆ ಬರಲಿ ಅನ್ನೋದು ಒಳ್ಳೆಯದೇ. ಹೊರಗೆ ಬಂದರೆ ಆಡೋಕೆ ಇನ್ಯಾರಾದರೂ ಇರಬೇಕಲ್ವಾ?

ಒಂದು ಲಾಭ ಮಾತ್ರ ನಮಗಿದೆ. ಮಳೆ. ಗೋ ಆಟದಲ್ಲಿ ಹೊರಗೆ ಮಳೆ ಬರ್ತಾ ಇದ್ದರೆ ನೀರು, ವಿದ್ಯುತ್, ಹುಳ ಈ ಮೂರು ಜಾತಿಯ ಹೊಡೆತಕ್ಕೆ 1.2 ಪಟ್ಟು ಬಲ. ಜೂನ್ ಬಂದರೆ ಶಿರಸಿಯಲ್ಲಿ ಅದಕ್ಕೆ ಬರವೇ ಇಲ್ಲ. ಆದರೆ ಮಳೆ ಬಾಸಿಗೂ ಬರುತ್ತದೆ. ಕ್ಯೋಗರ್ ನೀರಿನ ಬಾಸ್, ಮಳೆಯಲ್ಲಿ ಅದರ ವಾಟರ್‌ಫಾಲ್ ಇನ್ನೂ ಜೋರು. ನೀರಿಗೆ ಜೋರಾಗಿ ತಾಗುವುದು ಹುಲ್ಲು ಮತ್ತು ವಿದ್ಯುತ್. ಹುಲ್ಲಿನ ಪೋಕೆಮಾನ್ ನೀರನ್ನು ತಡೆಯುತ್ತದೆ, ಮಳೆಯ ಬಲ ಅದಕ್ಕಿಲ್ಲ. ಅದರ ಮೇಲೆ ಕ್ಯೋಗರ್ ಬ್ಲಿಝರ್ಡ್ ಎಂಬ ಹಿಮದ ಹೊಡೆತ ಹಾಕಿತೋ, ಹುಲ್ಲಿನ ಕತೆ ಮುಗಿಯಿತು. ವಿದ್ಯುತ್ತಿನದು ನೀರನ್ನು ತಡೆಯಲ್ಲ, ಬೇಗ ಬೀಳುತ್ತದೆ, ಆದರೆ ಬೀಳುವ ಮುಂಚೆ ಜಾಸ್ತಿ ಹೊಡೆಯುತ್ತದೆ. ನನ್ನ ಮತ ವಿದ್ಯುತ್ತಿಗೇ. ಮಳೆಯಲ್ಲಿ ಗೆದ್ದರೆ ಸಿಗುವ ಕ್ಯೋಗರ್ ಕೂಡ ಲೆವೆಲ್ 20ರ ಬದಲು 25ರದು.

ಸ್ಕ್ರೀನ್ ಮೇಲೆ ಹನಿ ಬಿದ್ದರೆ ಬೆರಳು ಒಂದು ಕಡೆ, ಟಚ್ ಇನ್ನೊಂದು ಕಡೆ. ಹಾಗಾಗಿ ನಿಲ್ಲೋಕೆ ಒಂದು ಅಂಗಡಿ ಜಗಲಿ ನೋಡಿಟ್ಟುಕೊಳ್ಳೋದೂ ತಯಾರಿಯೇ. ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಭಾನುವಾರ ಶಿರಸಿಗೆ ಬರುವವರಿದ್ದರೆ ಮೊದಲೇ ಒಂದು ಮೆಸೇಜ್ ಹಾಕಿ. ವಿದ್ಯುತ್ತಿನ ಆರನ್ನು ಆರಿಸಿಟ್ಟುಕೊಂಡೇ ಬನ್ನಿ, ರೇಡ್ ಶುರುವಾಗುವ ಮುಂಚೆ ಎಲ್ಲರೂ ಕಾಯುವ ಲಾಬಿಯಲ್ಲಿ ನಿಂತು ಹುಡುಕೋಕೆ ಟೈಮ್ ಇರಲ್ಲ.