ಸತ್ಯಾಂಶ: ಕಸಿಗೆ ಕಾಯುವವರು ನಡೆಯಬಾರದಾ?

"ಕಿಡ್ನಿ ಕಸಿಗೆ ಕಾಯುತ್ತಿರುವವರು ಹಾಸಿಗೆ ಬಿಟ್ಟು ಏಳಬಾರದು, ನಡೆದರೆ ಉಳಿದ ಕಿಡ್ನಿಯೂ ಸವೆಯುತ್ತದೆ." ಹಾಸನದ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೂ ಈ ಸಂದೇಶ ಬಂದಿದೆ. ಇದು ತಪ್ಪು.

ನಡೆದರೆ ಕಿಡ್ನಿ ಸವೆಯುವುದಿಲ್ಲ. ಸುಮ್ನೆ ಮಲಗಿದ್ದರೆ ಸವೆಯುವುದು ಸ್ನಾಯು, ಅದರಲ್ಲೂ ತೊಡೆಯದ್ದು. ಡಯಾಲಿಸಿಸ್‌ನಲ್ಲಿರುವವರಿಗೆ, ಲಿವರ್ ಕೆಟ್ಟವರಿಗೆ ಈ ನಷ್ಟ ಇನ್ನೂ ಜಾಸ್ತಿ. ಬಲ ಕುಂದಿದ ಮೈ ಆಪರೇಷನ್ ಆದ ಮೇಲೆ ಚೇತರಿಸಿಕೊಳ್ಳುವುದು ಕಷ್ಟ ಅಲ್ವಾ? ಅದಕ್ಕೇ ಶ್ವಾಸಕೋಶ ಕಸಿಗೆ ಮುನ್ನ ರೋಗಿಯನ್ನು 6 ನಿಮಿಷ ನಡೆಸಿ, ಎಷ್ಟು ದೂರ ಹೋದರು ಎಂದು ಅಳೆಯುತ್ತಾರೆ. ಲಿವರ್ ರೋಗಿಗಳಲ್ಲಿ ಕೈಹಿಡಿತದ ಬಲ ನೋಡುತ್ತಾರೆ, ಕುರ್ಚಿಯಿಂದ 5 ಸಲ ಎದ್ದು ಕೂರಲು ಹೇಳುತ್ತಾರೆ.

ನಮ್ಮ ಪಕ್ಕದ ಮನೆಯವರು ಡಯಾಲಿಸಿಸ್ ಇಲ್ಲದ ದಿನ ಸಂಜೆ ಮಹಾರಾಜ ಪಾರ್ಕಿನಲ್ಲಿ ನಿಧಾನಕ್ಕೆ ನಡೆಯುತ್ತಾರೆ. ಬೆಂಚು ಸಿಕ್ಕಲ್ಲಿ ಕೂರುತ್ತಾರೆ, ಕೈ ಊರದೆ ಏಳುತ್ತಾರೆ. ಆ ಏಳುವುದೇ ತೊಡೆಗೆ ಒಳ್ಳೆಯ ವ್ಯಾಯಾಮ. ನೋಡಿದರೆ ನನಗೆ ಖುಷಿಯಾಗುತ್ತದೆ.

ಎಷ್ಟು ಮಾಡಬೇಕು, ಹೇಗೆ ಎಂದು ಮೊದಲು ನಿಮ್ಮ ಕಸಿ ತಂಡದ ವೈದ್ಯರನ್ನೇ ಕೇಳಿ. ಹೃದಯದ ತೊಂದರೆ ಇರುವವರಂತೂ ಕೇಳದೆ ಶುರು ಮಾಡಲೇಬೇಡಿ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ.