ನಮ್ಮ ಕೋರ್ಟೇ ಸಾಕು ಅನ್ನುವುದಾದರೆ

ನಾನಿರುವ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲೇ, ನರಮೇಧ, ಯುದ್ಧಾಪರಾಧದಂಥ ಅಪರಾಧಗಳ ವಿಚಾರಣೆ ಮಾಡುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವಿದೆ. ಭಾರತ ಅದರ ಸದಸ್ಯ ಅಲ್ಲ. 'ನಮ್ಮ ದೇಶದ ವಿಷಯಕ್ಕೆ ಹೊರಗಿನವರು ಯಾಕೆ ತಲೆಹಾಕಬೇಕು?' ಎಂದು ಇಲ್ಲಿನ ಭಾರತೀಯ ಗೆಳೆಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

1998ರಲ್ಲಿ, ಈ ಕೋರ್ಟನ್ನು ಹುಟ್ಟುಹಾಕಿದ ರೋಮ್ ಒಪ್ಪಂದಕ್ಕೆ 120 ದೇಶಗಳು ಒಪ್ಪಿದವು, 7 ಬೇಡ ಎಂದವು. ಯಾವ ಕಡೆಗೂ ಮತ ಹಾಕದ 21 ದೇಶಗಳಲ್ಲಿ ಭಾರತವೂ ಒಂದು. ನಮ್ಮ ಆಕ್ಷೇಪದಲ್ಲಿ ಹುರುಳಿತ್ತು. ಈ ಕೋರ್ಟಿನ ಸದಸ್ಯರಲ್ಲದ ದೇಶದ ಪ್ರಕರಣವನ್ನೂ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇಲ್ಲಿಗೆ ಕಳಿಸಬಹುದು. ಅಲ್ಲಿ ವಿಟೊ ಹಿಡಿದು ಕೂತಿರುವ ಅಮೆರಿಕ, ರಷ್ಯಾ, ಚೀನಾ ಮಾತ್ರ ಈ ಕೋರ್ಟಿನ ಸದಸ್ಯರೇ ಅಲ್ಲ! ಸುಡಾನ್, ಲಿಬಿಯಾ ಪ್ರಕರಣಗಳು ಹೀಗೇ ಇಲ್ಲಿಗೆ ಬಂದವು. ಸಿರಿಯಾದ್ದನ್ನು 2014ರಲ್ಲಿ ರಷ್ಯಾ, ಚೀನಾ ಸೇರಿ ತಡೆದವು. ಇದು ಅನ್ಯಾಯ ಅಲ್ವಾ?

ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಇದೆ. ಒಂದು ದೇಶ ತನ್ನವರ ಅಪರಾಧವನ್ನು ತಾನೇ ಪ್ರಾಮಾಣಿಕವಾಗಿ ವಿಚಾರಣೆ ಮಾಡಿದರೆ, ಹೇಗ್ ಕೋರ್ಟ್ ಅದಕ್ಕೆ ಕೈಹಾಕುವಂತಿಲ್ಲ. ಮೊದಲ ಹಕ್ಕು ದೇಶದ ಕೋರ್ಟಿನದೇ.

ನೆದರ್ಲೆಂಡ್ಸ್ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ನರಮೇಧ, ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧಗಳಿಗೆ 2003ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ತನ್ನ ಸೈನಿಕರ ನಡವಳಿಕೆಯನ್ನೂ ಇಲ್ಲಿನ ಕೋರ್ಟುಗಳು ಪರಿಶೀಲಿಸಿವೆ. 1995ರಲ್ಲಿ, ಬೋಸ್ನಿಯಾ ಯುದ್ಧದ ವೇಳೆ, ಸ್ರೆಬ್ರೆನಿಚಾ ಪಟ್ಟಣದಲ್ಲಿ ಡಚ್ ಶಾಂತಿಪಾಲಕರ ನೆಲೆಯಲ್ಲಿ ಆಸರೆ ಪಡೆದಿದ್ದ ಸುಮಾರು 350 ಗಂಡಸರನ್ನು ಹೊರಗೆ ಕಳಿಸಲಾಯಿತು. ಅವರು ಬೋಸ್ನಿಯಾದ ಸರ್ಬ್ ಪಡೆಗಳ ಕೈಯಲ್ಲಿ ಕೊಲೆಯಾದರು. ಅವರ ಸಾವಿನಲ್ಲಿ ಡಚ್ ಸರ್ಕಾರದ ಹೊಣೆ ಶೇ 10ರಷ್ಟು ಎಂದು 2019ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಅದು ತೀರಾ ಕಮ್ಮಿ ಅನಿಸುತ್ತದೆ. ಗಂಡ, ಮಕ್ಕಳನ್ನು ಕಳೆದುಕೊಂಡ ಹೆಂಗಸರಿಗೂ ಸಮಾಧಾನ ಆಗಲಿಲ್ಲ. ಆದರೂ ಒಂದು ದೇಶದ ಕೋರ್ಟ್ ತನ್ನದೇ ಸರ್ಕಾರದ ಕಡೆ ಬೆರಳು ತೋರಿಸಿತು. ಅದರಿಂದ ನೆದರ್ಲೆಂಡ್ಸ್‌ನ ಸಾರ್ವಭೌಮತ್ವಕ್ಕೆ ಏನೂ ಧಕ್ಕೆ ಆಗಲಿಲ್ಲ.

ನಮ್ಮಲ್ಲಿ? 1984ರ ಸಿಖ್ಖರ ಹತ್ಯೆಯ ಒಂದು ಪ್ರಕರಣದಲ್ಲಿ, 2018ರಲ್ಲಿ ತೀರ್ಪು ಕೊಡುವಾಗ ದೆಹಲಿ ಹೈಕೋರ್ಟ್ ಬಿಡಿಸಿ ಹೇಳಿತ್ತು: ನರಮೇಧ, ಮಾನವತೆಯ ವಿರುದ್ಧದ ಅಪರಾಧ ಎರಡೂ ನಮ್ಮ ದಂಡ ಕಾನೂನಿನಲ್ಲಿಲ್ಲ, ಈ ಕೊರತೆಯನ್ನು ಬೇಗ ಸರಿಪಡಿಸಬೇಕು. ಆಮೇಲೆ ಬ್ರಿಟಿಷರ ಕಾಲದ ದಂಡ ಸಂಹಿತೆಯನ್ನೇ ಬದಲಿಸಿದೆವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರಲ್ಲೂ ಆ ಎರಡು ಅಪರಾಧಗಳಿಲ್ಲ. ಹೊರಗಿನ ಕೋರ್ಟ್ ಬೇಡ ಅನ್ನುವವರು ಮೊದಲು ಕೇಳಬೇಕಾದದ್ದು ಇದನ್ನೇ. ಇದಕ್ಕೆ ರೋಮ್ ಒಪ್ಪಂದಕ್ಕೆ ಸಹಿ ಹಾಕಬೇಕಿಲ್ಲ, ನಮ್ಮ ಸಂಸತ್ತು ಒಂದು ತಿದ್ದುಪಡಿ ತಂದರೆ ಸಾಕು.