ಲೇಖಕರಿಗೆ ಎಲ್ಲವನ್ನೂ ಕೊಡಿ, ಸಮಯ ಮಾತ್ರ ಬೇಡ

ರಜೆ ಹತ್ತಿರ ಬಂತೆಂದರೆ ಮನೆಯಲ್ಲೊಬ್ಬ ಲೇಖಕರನ್ನು ಇಟ್ಟುಕೊಂಡವರಿಗೆ ತಲೆನೋವು ಶುರು. ಡಾಕ್ಟರಿಗೆ, ಮೇಷ್ಟ್ರಿಗೆ, ಲೆಕ್ಕ ಬರೆಯುವವರಿಗೆ ಏನು ಕೊಡಬೇಕೆಂದು ಯಾರೂ ನಿದ್ದೆಗೆಡುವುದಿಲ್ಲ. ಎಲ್ಲರಿಗೂ ಕೊಡುವುದನ್ನೇ ಅವರಿಗೂ ಕೊಟ್ಟು ಸುಮ್ಮನಾಗುತ್ತಾರೆ. ಹಲ್ಲಿನ ಡಾಕ್ಟರಿಗೆ ಯಾರಾದರೂ ಬೆಳ್ಳಿಯ ಇಕ್ಕಳ ಉಡುಗೊರೆ ಕೊಟ್ಟಿದ್ದು ಕೇಳಿದ್ದೀರಾ? ಲೇಖಕರಿಗೆ ಮಾತ್ರ ಅವರ ಕಸುಬನ್ನು ನೆನಪಿಸುವಂಥದ್ದೇ ಆಗಬೇಕು. ತಾವು ಲೇಖಕರು ಅನ್ನುವುದು ಅವರಿಗೇ ಮರೆತುಹೋದೀತು ಎಂಬ ಭಯವೋ ಏನೋ.

ಈ ಭಯವನ್ನೇ ನಂಬಿಕೊಂಡು ಒಂದು ದೊಡ್ಡ ವ್ಯಾಪಾರ ನಡೆಯುತ್ತಿದೆ. 'ಲೇಖಕರಿಗೆ ಉಪಯುಕ್ತ ಉಡುಗೊರೆ' ಎಂದು ಹುಡುಕಿ ನೋಡಿ. ಮೊದಲು ಬರುವುದು ಕಾಫಿ ಮಗ್. ಅದರ ಮೇಲೆ 'ಎಚ್ಚರ! ನಿಮ್ಮನ್ನು ನನ್ನ ಕಾದಂಬರಿಯಲ್ಲಿ ಸೇರಿಸಿಬಿಡುತ್ತೇನೆ' ಎಂಬ ಬೆದರಿಕೆ. ಅದೇ ಬೆದರಿಕೆ ಟೀ ಶರ್ಟಿನ ಮೇಲೆ, ಕೈಚೀಲದ ಮೇಲೆ, ಕಾಲುಚೀಲದ ಮೇಲೂ ಇದೆ. ಕಾದಂಬರಿಯಲ್ಲಿ ಸೇರಿಸುವ ಮಾತು ಹಾಗಿರಲಿ, ಆ ಕಾದಂಬರಿ ಎರಡನೇ ಅಧ್ಯಾಯದಲ್ಲಿ ಮಲಗಿ ವರ್ಷವಾಯಿತು ಅನ್ನುವುದು ಪಾಪ ಮಗ್ಗಿಗೇನು ಗೊತ್ತು? ಲೇಖಕರ ಮನೆಯ ಕಪಾಟಿನಲ್ಲಿ ಇಂಥ ಮಗ್ಗುಗಳು ಸಾಲಾಗಿ ನಿಂತು ಪರಸ್ಪರ ಬೆದರಿಸಿಕೊಳ್ಳುತ್ತಿರುತ್ತವೆ.

ಮಗ್ಗಿನ ನಂತರದ ಸ್ಥಾನ ನೋಟ್‌ಬುಕ್ಕಿನದು. ಸಾಧಾರಣ ನೋಟ್‌ಬುಕ್ಕಲ್ಲ. ಚರ್ಮದ ರಟ್ಟು, ರಟ್ಟಿನ ಮೇಲೆ ಒತ್ತಿದ ಬಳ್ಳಿಯ ಚಿತ್ತಾರ, ಸುತ್ತಿ ಕಟ್ಟಲು ಚರ್ಮದ್ದೇ ದಾರ, ಒಳಗೆ ಕೆನೆಬಣ್ಣದ ದಪ್ಪ ಹಾಳೆ, ಹಾಳೆಯ ಅಂಚು ಕೈಯಲ್ಲಿ ಹರಿದ ಹಾಗೆ ಒರಟೊರಟು, ಪುಟದ ಗುರುತಿಗೆ ಕೆಂಪು ರೇಷ್ಮೆ ಪಟ್ಟಿ. ಬಿಡಿಸಿದರೆ ಬೆನ್ನು 'ಕಟಕ್' ಎನ್ನುತ್ತದೆ. ಇಂಥದರ ಮೊದಲ ಪುಟದಲ್ಲಿ ಏನು ಬರೆಯುವುದು? 'ಸೋಪು, ಬಲ್ಬು, ನೀರಿನ ಬಿಲ್ಲು' ಎಂದು ಬರೆಯುವ ಹಾಗಿಲ್ಲ. ಕತೆ ಶುರುಮಾಡೋಣವೆಂದರೆ ಮೊದಲ ವಾಕ್ಯವನ್ನು ಹೊಡೆದುಹಾಕುವ ಹಾಗಿಲ್ಲ. ಬರವಣಿಗೆಯೆಂದರೆ ಮುಕ್ಕಾಲು ಪಾಲು ಹೊಡೆದುಹಾಕುವ ಕೆಲಸ. ಆ ಹಾಳೆಯ ಮೇಲೆ ಒಂದು ಗೀಟು ಎಳೆದರೂ ಪಾಪ ಸುತ್ತಿಕೊಳ್ಳುತ್ತದೆ ಅನ್ನಿಸುತ್ತದೆ. ಹೀಗಾಗಿ ಲೇಖಕರು ಎಂದಿನಂತೆ ರಸೀದಿಯ ಹಿಂಬದಿಯಲ್ಲಿ, ಹರಿದ ಲಕೋಟೆಯ ಮಗ್ಗುಲಲ್ಲಿ ಗೀಚಿಕೊಳ್ಳುತ್ತಾ ಇರುತ್ತಾರೆ. ನೋಟ್‌ಬುಕ್ಕು ತನ್ನ ಯೋಗ್ಯತೆಗೆ ತಕ್ಕ ವಾಕ್ಯ ಹುಟ್ಟಲಿ ಎಂದು ಕಾಯುತ್ತದೆ. ಮುಂದಿನ ರಜೆಗೆ ಅದಕ್ಕೊಂದು ಜೊತೆ ಬರುತ್ತದೆ.

ಇನ್ನು ಗರಿಯ ಲೇಖನಿ. ಇದನ್ನು ಕೊಡುವವರ ಮುಖದಲ್ಲಿ ಇತಿಹಾಸವನ್ನೇ ಎತ್ತಿ ಕೊಟ್ಟ ಸಂಭ್ರಮವಿರುತ್ತದೆ. ಗರಿಯಲ್ಲಿ ನಿಜವಾಗಿ ಬರೆಯುತ್ತಿದ್ದ ಕಾಲದಲ್ಲಿ ಯುರೋಪಿನ ಬರಹಗಾರರು ಹೆಬ್ಬಾತಿನ ರೆಕ್ಕೆಯ ಗರಿ ತಂದು, ಎರಡೂ ಕಡೆಯ ಎಳೆಗಳನ್ನು ಬಹುಪಾಲು ಸವರಿ ಬಿಸಾಡಿ, ಬರಿಯ ದಂಟನ್ನು ಇಟ್ಟುಕೊಳ್ಳುತ್ತಿದ್ದರು. ಎಳೆ ಇದ್ದರೆ ಕೈಗೆ ಅಡ್ಡ. ತುದಿ ಸವೆದ ಹಾಗೆಲ್ಲ ಸಣ್ಣ ಚಾಕುವಿನಲ್ಲಿ ಮತ್ತೆ ಮತ್ತೆ ಹೆರೆಯಬೇಕಿತ್ತು. ಅಂದಿನವರು ಕಸಕ್ಕೆ ಹಾಕುತ್ತಿದ್ದ ಭಾಗಕ್ಕೇ ಇಂದು ಬಣ್ಣ ಹಚ್ಚಿ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿಸಿ, ಪಕ್ಕದಲ್ಲೊಂದು ಅರಗಿನ ಮುದ್ರೆ ಇಟ್ಟು ಮಾರುತ್ತಾರೆ. ಅರಗಿನ ಮುದ್ರೆ ಯಾಕೆಂದು ಕೇಳಬೇಡಿ. ಇ-ಮೇಲಿಗೆ ಅಂಟಿಸಿಕೊಳ್ಳಲಿಕ್ಕಿರಬೇಕು.

ಫೌಂಟನ್ ಪೆನ್ನಿನ ಕತೆ ಇದಕ್ಕಿಂತ ಸ್ವಾರಸ್ಯ. ಲಾಸ್ಲೋ ಬಿರೋ ಎಂಬ ಹಂಗೇರಿಯ ಪತ್ರಕರ್ತನಿಗೆ ಫೌಂಟನ್ ಪೆನ್ನಿನ ಮಸಿ ಕಕ್ಕುವುದು, ಒಣಗದೆ ಕೈಗೆಲ್ಲ ಮೆತ್ತಿಕೊಳ್ಳುವುದು ಸಾಕುಸಾಕಾಗಿತ್ತು. ಪತ್ರಿಕೆ ಅಚ್ಚಾಗುವ ಮಸಿ ಮಾತ್ರ ಎಷ್ಟು ಬೇಗ ಒಣಗುತ್ತದಲ್ಲ ಎಂದು ಗಮನಿಸಿ, ರಸಾಯನಶಾಸ್ತ್ರ ಬಲ್ಲ ಸೋದರನನ್ನು ಜೊತೆಗೆ ಹಾಕಿಕೊಂಡು, ತುದಿಯಲ್ಲಿ ಉರುಳುವ ಗುಂಡು ಇಟ್ಟ ಪೆನ್ನು ಮಾಡಿ 1938ರಲ್ಲಿ ಪೇಟೆಂಟ್ ಪಡೆದ. ಅದೇ ನಮ್ಮ ಬಾಲ್ ಪೆನ್ನು. ಬರೆದೇ ಹೊಟ್ಟೆ ಹೊರೆಯುತ್ತಿದ್ದವನು ಬೇಸತ್ತು ಕೈಬಿಟ್ಟ ವಸ್ತುವನ್ನು, ಬರೆದು ಹೊಟ್ಟೆ ಹೊರೆಯಲು ಒದ್ದಾಡುವವರಿಗೆ ಭಕ್ತಿಯಿಂದ ಕೊಡುವ ಪದ್ಧತಿ ಮಾತ್ರ ಬದಲಾಗಿಲ್ಲ. ಫೌಂಟನ್ ಪೆನ್ನಿನ ಹುಚ್ಚು ಇರುವ ಲೇಖಕರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಅಂಥವರು ತಮ್ಮ ನಿಬ್ಬನ್ನು ತಾವೇ ಆರಿಸಿಕೊಂಡಿರುತ್ತಾರೆ, ನಿಮ್ಮ ಕೈಗೆ ಮುಟ್ಟಲೂ ಕೊಡುವುದಿಲ್ಲ. ಉಳಿದವರ ಮನೆಯಲ್ಲಿ ಉಡುಗೊರೆ ಪೆನ್ನಿನ ಮಸಿ ನಾಲಗೆಯಲ್ಲೇ ಒಣಗಿ ಕಟ್ಟಿಕೊಂಡಿರುತ್ತದೆ.

1929ರಲ್ಲಿ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಈ ಉಡುಗೊರೆಯ ಸಮಸ್ಯೆಯನ್ನು ಬಗೆಹರಿಸಿಬಿಟ್ಟಿದ್ದಳು. ಹೆಣ್ಣೊಬ್ಬಳು ಬರೆಯಬೇಕಾದರೆ ವರ್ಷಕ್ಕೆ 500 ಪೌಂಡ್ ಮತ್ತು ಚಿಲಕವಿರುವ ಒಂದು ಸ್ವಂತ ಕೋಣೆ ಬೇಕು ಎಂದು ಲೆಕ್ಕ ಬಿಡಿಸಿ ಹೇಳಿದಳು. ಇದಕ್ಕಿಂತ ಸ್ಪಷ್ಟವಾದ ಪಟ್ಟಿಯನ್ನು ಯಾವ ಲೇಖಕಿಯೂ ಕೊಟ್ಟಿರಲಾರಳು. ಉಡುಗೊರೆ ಉದ್ಯಮ ಅದನ್ನು ಶ್ರದ್ಧೆಯಿಂದ ಓದಿ, ಪೌಂಡು ಕೈಬಿಟ್ಟು, ಕೋಣೆ ಕೈಬಿಟ್ಟು, ಚಿಲಕಕ್ಕೆ ನೇತುಹಾಕುವ ಬೋರ್ಡನ್ನು ತಯಾರಿಸಿತು. 'ಶ್! ಲೇಖಕರು ಕೆಲಸದಲ್ಲಿದ್ದಾರೆ.' ಊಟದ ಮೇಜು ಒರೆಸಿದ ಮೇಲೆ ಅದರ ಮೂಲೆಯಲ್ಲಿ ಕೂತು ಬರೆಯುವವರು ಬೋರ್ಡನ್ನು ಎಲ್ಲಿಗೆ ನೇತುಹಾಕಬೇಕು? ಕುರ್ಚಿಯ ಬೆನ್ನಿಗೆ ಹಾಕಿಕೊಳ್ಳುತ್ತಾರೆ. ಬೋರ್ಡು ಕೊಟ್ಟ ಅತ್ತಿಗೆಯೇ ಮೊದಲು ಬಂದು ನಿಲ್ಲುತ್ತಾರೆ. "ಚೆನ್ನಾಗಿ ಕಾಣ್ತಿದೆಯಾ ಅಂತ ನೋಡೋಕೆ ಬಂದೆ ಕಣೇ. ಬರೀತಿದ್ಯಾ? ಬರಿ ಬರಿ, ನಾನು ಡಿಸ್ಟರ್ಬ್ ಮಾಡಲ್ಲ. ಅಂದಹಾಗೆ ಇಸ್ತ್ರಿ ಬಟ್ಟೆ ಎಲ್ಲಿಟ್ಟೆ?"

ಹಳೆಯ ಟೈಪ್‌ರೈಟರಿನ ಹಾಗೆ ಖಟಖಟ ಎನ್ನುವ ಕೀಬೋರ್ಡು, 'ಮೂವತ್ತೇ ದಿನದಲ್ಲಿ ಕಾದಂಬರಿಕಾರರಾಗಿ' ಕೋರ್ಸು ಇತ್ಯಾದಿಗಳ ಬಗ್ಗೆ ಮಾತು ಬೇಡ. ಇತ್ತೀಚಿನ ಆಗಮನವನ್ನು ಮಾತ್ರ ಬಿಡುವಂತಿಲ್ಲ: ತಾನೇ ಬರೆದುಕೊಡುವ ಎಐ ತಂತ್ರಾಂಶಕ್ಕೆ ಒಂದು ವರ್ಷದ ಚಂದಾ. "ನಿಮಗೆ ಕಷ್ಟ ಆಗಬಾರದು ಅಂತ ಸರ್, ಬರೆಯೋದೆಲ್ಲಾ ಇನ್ಮೇಲೆ ಅದೇ ನೋಡ್ಕೊಳ್ಳುತ್ತೆ." ಈಜುಗಾರನಿಗೆ ದೋಣಿ ಕೊಟ್ಟು, ಇನ್ನು ಮೈ ಒದ್ದೆಯಾಗುವ ತಾಪತ್ರಯವಿಲ್ಲ ಎಂದು ಬೆನ್ನು ತಟ್ಟಿದ ಹಾಗೆ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನೀವು ಮೂಗು ಮುರಿಯಬಹುದು. ಆದರೆ ಇಲ್ಲಿ ದಟ್ಟಿಗೆ ಕೊರತೆಯಿಲ್ಲ, ಅಳತೆಯದ್ದೇ ತಕರಾರು. ಲೇಖಕರನ್ನೇ ಕೇಳಿದರೆ ಹೇಳುತ್ತಾರೆ: ಒಂದು ರೀಮ್ ಬಿಳಿ ಕಾಗದ, ಅಂದರೆ 500 ಹಾಳೆ, ಪ್ರಿಂಟರಿನ ಇಂಕು, ಬೆನ್ನಿಗೆ ಆನಿಸಿಕೊಳ್ಳಲು ಒಂದು ದಿಂಬು, ಕನ್ನಡಕದ ನಂಬರು ಪರೀಕ್ಷಿಸಿಕೊಳ್ಳುವ ಖರ್ಚು, ಕಂಪ್ಯೂಟರು ಕೈಕೊಟ್ಟಾಗ ಕಾದಂಬರಿ ಉಳಿಯುವಂತೆ ಒಂದು ಹಾರ್ಡ್‌ಡಿಸ್ಕು, ಸಾಧ್ಯವಾದರೆ ಭಾನುವಾರ ಮಕ್ಕಳನ್ನು ಮೂರು ಗಂಟೆ ಎಲ್ಲಾದರೂ ಕರೆದುಕೊಂಡು ಹೋಗುವ ಒಬ್ಬ ಪುಣ್ಯಾತ್ಮ. ಇವುಗಳಲ್ಲಿ ಒಂದಕ್ಕೂ ಉಡುಗೊರೆಯ ಲಕ್ಷಣವಿಲ್ಲ. ರೀಮ್ ಕಾಗದದ ಹೊದಿಕೆ ಬಿಚ್ಚುವಾಗ ಸುತ್ತ ನಿಂತವರು "ಆಹಾ" ಎನ್ನುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಪ್ರಿಂಟರಿನ ಇಂಕಿಗೆ ರಿಬ್ಬನ್ ಕಟ್ಟಿದರೆ ಕೊಟ್ಟವರ ಮರ್ಯಾದೆ ಏನಾಗಬೇಕು? ಉಡುಗೊರೆ ಕೊಡುವುದು ಪಡೆದವರ ಅನುಕೂಲಕ್ಕೆ ಎಂದು ಯಾರೋ ಸುಳ್ಳು ಹಬ್ಬಿಸಿದ್ದಾರೆ.

ಹಿಂದಿನವರು ಈ ವಿಷಯದಲ್ಲಿ ಸ್ವಾವಲಂಬಿಗಳಾಗಿದ್ದರು. ಕಾದಂಬರಿ ಮುಗಿಸಿಕೊಡುವ ಗಡುವು ಕುತ್ತಿಗೆಗೆ ಬಂದಾಗ, 1830ರಲ್ಲಿ, ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋ ಒಂದು ಬಾಟಲಿ ಮಸಿಯನ್ನೂ ತಲೆಯಿಂದ ಕಾಲಿನವರೆಗೆ ಮುಚ್ಚುವ ಬೂದುಬಣ್ಣದ ಉಣ್ಣೆಯ ಶಾಲನ್ನೂ ಕೊಂಡುತಂದು, ಹೊರಗೆ ಹೋಗುವ ಬಟ್ಟೆಗಳನ್ನೆಲ್ಲ ಬೀಗ ಹಾಕಿ ಇಟ್ಟುಬಿಟ್ಟನೆಂದು ಅವನ ಹೆಂಡತಿಯ ನೆನಪುಗಳಲ್ಲಿ ಬರುತ್ತದೆ. ಬಟ್ಟೆಯಿಲ್ಲದೆ ಯಾರ ಮನೆಗೆ ಹೋಗುವುದು? ಕೂತು ಬರೆದ. 1831ರಲ್ಲಿ 'ನೋತ್ರ್ ದಾಮ್ ದ ಪಾರಿ' ಕಾದಂಬರಿ ಹೊರಬಂತು. ಶಾಲೊಂದು ಲೇಖಕರಿಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದಕ್ಕೆ ನನಗೆ ಗೊತ್ತಿರುವ ಗಟ್ಟಿ ಸಾಕ್ಷಿ ಇದೊಂದೇ.

ಹಾಗಂತ ಕೊಡುಗೈಯವರು ಇರಲೇ ಇಲ್ಲವೆಂದಲ್ಲ. 1956ರಲ್ಲಿ ಅಮೆರಿಕದ ಲೇಖಕಿ ಹಾರ್ಪರ್ ಲೀ ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯೊಂದರ ಟಿಕೆಟ್ ಕಾದಿರಿಸುವ ಕೆಲಸದಲ್ಲಿದ್ದಳು. ಬರೆಯುವುದು ಬಿಡುವಾದಾಗ. ಆ ವರ್ಷದ ಕ್ರಿಸ್ಮಸ್ಸಿಗೆ ಗೆಳೆಯರಾದ ಮೈಕಲ್ ಮತ್ತು ಜಾಯ್ ಬ್ರೌನ್ ದಂಪತಿ ಕ್ರಿಸ್ಮಸ್ ಮರದಲ್ಲಿ ಅವಳ ಹೆಸರಿನದೊಂದು ಲಕೋಟೆ ಸಿಕ್ಕಿಸಿಟ್ಟಿದ್ದರು. ಒಳಗಿನ ಚೀಟಿಯ ಸಾರಾಂಶ ಇಷ್ಟು: ಒಂದು ವರ್ಷ ಕೆಲಸಕ್ಕೆ ರಜೆ ಹಾಕು, ಏನು ಬೇಕೋ ಅದನ್ನು ಬರಿ, ಖರ್ಚು ನಮ್ಮದು. ಅವಳೇ ಗಾಬರಿಬಿದ್ದಳು, ಇದು ಜೂಜಾಟವಲ್ಲವೇ ಎಂದಳು. 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿ 1960ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಬಹುಮಾನವೂ ಬಂತು. ಲೇಖಕರಿಗೆ ಕೊಟ್ಟ ಉಡುಗೊರೆಗಳ ಇತಿಹಾಸದಲ್ಲಿ ಇಷ್ಟು ಚೊಕ್ಕಟವಾಗಿ ಫಲಿಸಿದ್ದು ಇನ್ನೊಂದಿದ್ದರೆ ತೋರಿಸಿ. ಆದರೂ ಯಾವ ಉಡುಗೊರೆ ಪಟ್ಟಿಯಲ್ಲೂ ಇದು ಕಾಣುವುದಿಲ್ಲ, ಕಾರಣವೂ ಸರಿಯಾಗಿದೆ. ಒಂದು ವರ್ಷದ ಬಿಡುವಿನ ಮೇಲೆ ಘೋಷವಾಕ್ಯ ಅಚ್ಚುಹಾಕಲು ಜಾಗವಿಲ್ಲ.

ವರ್ಷದ ಸಂಬಳ ಎಲ್ಲರ ಕೈಲೂ ಆಗುವುದಲ್ಲ, ಒಪ್ಪಿದೆ. ಎಲ್ಲರ ಕೈಲೂ ಆಗುವಂಥದ್ದು ಇನ್ನೊಂದಿದೆ: ಅಂಗಡಿಗೆ ಹೋಗಿ, ಆ ಲೇಖಕರದೇ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವುದು. ಈ ಸಲಹೆ ಕೇಳಿದವರು ನಕ್ಕುಬಿಡುತ್ತಾರೆ. ಬರೆದವರು ಮನೆಯಲ್ಲೇ ಇರುವಾಗ ಪುಸ್ತಕಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ? ಅಂಗಡಿಯಲ್ಲಿ ಮಗ್ಗಿಗೆ ಚೌಕಾಸಿಯಿಲ್ಲದೆ ಬಿಲ್ಲು ಕಟ್ಟಿದವರೇ ಮಗ್ಗನ್ನು ಕೈಗಿಡುತ್ತಾ, "ಅಣ್ಣಾ, ಹೊಸ ಪುಸ್ತಕ ಬಂತಂತೆ, ನನಗೊಂದು ಕಾಪಿ ಎತ್ತಿಟ್ಟಿರು" ಎನ್ನುತ್ತಾರೆ. ಮುದ್ರಿತ ಪುಸ್ತಕದಲ್ಲಿ ಲೇಖಕರ ಪಾಲು ಸಾಮಾನ್ಯವಾಗಿ ಬೆಲೆಯ ನೂರಕ್ಕೆ ಹತ್ತರ ಆಸುಪಾಸು. ಪ್ರಕಾಶಕರು ಪುಕ್ಕಟೆ ಕೊಡುವುದು ಒಂದಿಷ್ಟೇ ಪ್ರತಿ. ಅವು ಮುಗಿದ ಮೇಲೆ ತಾನು ಬರೆದದ್ದನ್ನು ತಾನೇ ರಿಯಾಯಿತಿಯಲ್ಲಿ ಕೊಳ್ಳಬೇಕು. ಅರ್ಧ ಬೆಲೆಗೇ ಸಿಕ್ಕಿತೆನ್ನಿ, ಒಂದು ಪ್ರತಿಯನ್ನು ತಮ್ಮನಿಗೆ ಎತ್ತಿಟ್ಟರೆ ಯಾರೋ ಗುರುತಿಲ್ಲದ ಐದು ಜನ ಕೊಂಡು ಓದಿದ್ದರ ಸಂಪಾದನೆ ಅಲ್ಲಿಗೆ ಚುಕ್ತಾ.

ಎತ್ತಿಟ್ಟ ಪ್ರತಿಯನ್ನು ಆತ ಓದುತ್ತಾನೆಂದುಕೊಂಡಿರಾ? ಆತನಿಗೂ ರಜೆಗೆ ನಾಲ್ಕು ಮನೆಗೆ ಉಡುಗೊರೆ ಕೊಡುವುದಿರುತ್ತದೆ. ಲೇಖಕರ ಪುಸ್ತಕ ಬಣ್ಣದ ಕಾಗದ ಸುತ್ತಿಕೊಂಡು ಆತನ ಆಫೀಸಿನ ಮೇಲಧಿಕಾರಿಗೋ, ಹೆಂಡತಿಯ ಗೆಳತಿಗೋ, ಮಗಳ ಸಂಗೀತದ ಮೇಡಂಗೋ ಹೋಗುತ್ತದೆ. "ನಮ್ಮಣ್ಣನೇ ಬರೆದಿದ್ದು" ಎಂಬ ಹೆಮ್ಮೆ ಕಾಗದಕ್ಕೆ ಅಂಟಿಕೊಂಡು ಉಚಿತವಾಗಿ ಹೋಗುತ್ತದೆ. ಈ ಸಲ ನಾಲ್ಕು ಕಾಪಿ ಬೇಕೆಂದು ಆಗಲೇ ಫೋನು ಬಂದಿದೆ. ಸಹಿ ಹಾಕಿ ಕೊಡಲೇ ಎಂದರೆ, "ಬೇಡಣ್ಣಾ, ಹಾಗೇ ಇರಲಿ. ಯಾರ್ಯಾರಿಗೆ ಕೊಡ್ತೀನಿ ಅಂತ ಇನ್ನೂ ಡಿಸೈಡ್ ಮಾಡಿಲ್ಲ" ಎಂದಿದ್ದಾನೆ.